ಹಿರಿಯರನ್ನು ಹಾಸಿಗೆಯಿಂದ ಎಬ್ಬಿಸಿದ ವೈದ್ಯೆ: ಡಾ. ಮಾರ್ಜರಿ ವಾರೆನ್

ಮನೆಯಲ್ಲಿ ಅಜ್ಜ ಅಜ್ಜಿ ಹಾಸಿಗೆ ಹಿಡಿದರೆ, ವಯಸ್ಸಾಯಿತು, ಇನ್ನೇನು ಮಾಡುವುದು ಎಂದು ಸುಮ್ಮನಾಗುವುದು ಎಲ್ಲ ಕಡೆಯೂ ಇದೆ. ಸುಮಾರು 90 ವರ್ಷಗಳ ಹಿಂದೆ ಇಂಗ್ಲೆಂಡಿನ ವೈದ್ಯರೂ ಹೀಗೆಯೇ ಸುಮ್ಮನಿದ್ದರು. ಆ ಕಾಲದಲ್ಲಿ ವೃದ್ಧರ ಕಾಯಿಲೆಗೂ ಚಿಕಿತ್ಸೆಯುಂಟು ಎಂದು ಮಾಡಿ ತೋರಿಸಿದವರು ಡಾ. ಮಾರ್ಜರಿ ವಾರೆನ್. ವೃದ್ಧರ ವೈದ್ಯಶಾಸ್ತ್ರದ ತಾಯಿ ಎಂದೇ ವೈದ್ಯಲೋಕ ಅವರನ್ನು ನೆನೆಯುತ್ತದೆ.

ಮಾರ್ಜರಿ ಅವರು 1897ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ವಕೀಲರು. ಹೆಣ್ಣುಮಕ್ಕಳು ವೈದ್ಯರಾಗುವುದೇ ಅಪರೂಪವಾಗಿದ್ದ ದಿನಗಳಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಕಲಿತು 1923ರಲ್ಲಿ ವೈದ್ಯರಾದರು. 1926ರಲ್ಲಿ ನಗರದ ಪಶ್ಚಿಮಕ್ಕಿರುವ ಐಲ್‌ವರ್ತ್‌ನ ಆಸ್ಪತ್ರೆ ಸೇರಿದರು. ಮುಂದೆ ಅದೇ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆ ಎಂದು ಹೆಸರಾಯಿತು. ಮೊದಲ ವರ್ಷಗಳಲ್ಲಿ ಅವರು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಕೆಲಸವನ್ನೇ ಮಾಡಿದರು.

1935ರಲ್ಲಿ ಪಕ್ಕದಲ್ಲಿದ್ದ ಬಡವರ ಆಶ್ರಯಾಲಯದ ರೋಗಿಗಳೂ ಈ ಆಸ್ಪತ್ರೆಯ ಪಾಲಿಗೆ ಬಂದರು. ಒಟ್ಟು 714 ಮಂದಿ. ದಿಕ್ಕಿಲ್ಲದ ವೃದ್ಧರು, ಪಾರ್ಶ್ವವಾಯು ಹೊಡೆದವರು, ಬುದ್ಧಿಭ್ರಮಣೆಯಾದವರು ಎಲ್ಲರೂ ಒಂದೇ ಕಡೆ. ಹಲವರಿಗೆ ಏನು ಕಾಯಿಲೆ ಎಂದು ಯಾರೂ ಸರಿಯಾಗಿ ನೋಡಿರಲಿಲ್ಲ. ಹೊತ್ತಿಗೆ ಊಟ, ಬಟ್ಟೆ ಸಿಗುತ್ತಿತ್ತು. ಆದರೆ ಮಲಗಿ ಮಲಗಿಯೇ ಕೀಲುಗಳು ಬಿಗಿದು, ಹಾಸಿಗೆ ಹುಣ್ಣಾಗಿ, ಮೂತ್ರದ ಹಿಡಿತವೂ ತಪ್ಪಿ ಜನ ಸೊರಗುತ್ತಿದ್ದರು.

ಡಾ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಯಾರಿಗೆ ಯಾವ ಆರೈಕೆ ಬೇಕೆಂದು ನೋಡಿ ಗುಂಪು ಮಾಡಿ, ಬೇರೆ ಬೇರೆ ವಾರ್ಡುಗಳಿಗೆ ಹಾಕಿದರು. ಮಂಕಾಗಿದ್ದ ವಾರ್ಡುಗಳಿಗೆ ತಿಳಿಬಣ್ಣ ಬಳಿಸಿ, ಒಳ್ಳೆಯ ಬೆಳಕು ಮಾಡಿಸಿದರು. ವೈದ್ಯರ ಜೊತೆಗೆ ದಾದಿಯರು, ವ್ಯಾಯಾಮ ಮಾಡಿಸುವವರು, ಮನೆಯ ಪರಿಸ್ಥಿತಿ ವಿಚಾರಿಸುವವರು ಒಟ್ಟಾಗಿ ಕೆಲಸ ಮಾಡುವ ಪದ್ಧತಿ ತಂದರು. ಮೊದಲು ಹಾಸಿಗೆಯಲ್ಲೇ ಕೂರಿಸುವುದು, ಆಮೇಲೆ ನಿಲ್ಲಿಸುವುದು, ನಂತರ ನಡೆಸುವುದು. ವರ್ಷಗಟ್ಟಲೆ ಮಲಗಿದ್ದ ಎಷ್ಟೋ ಜನ ಎದ್ದು ಓಡಾಡಿದರು. ಕೆಲವರು ಮನೆಗೆ ಹೋದರು, ಕೆಲವರು ವೃದ್ಧಾಶ್ರಮ ಸೇರಿದರು. ಕ್ರಮೇಣ ಈ ವಿಭಾಗಕ್ಕೆ ಸುಮಾರು 240 ಹಾಸಿಗೆಗಳೇ ಸಾಕಾದವು. ಉಳಿದವು ಬೇರೆ ರೋಗಿಗಳಿಗೆ ಸಿಕ್ಕವು.

ಎಲ್ಲರೂ ಎದ್ದು ನಡೆದರು ಎಂದಲ್ಲ. ಗುಣವಾಗದವರೂ ಇದ್ದರು. ಅವರಿಗೂ ಸ್ವಚ್ಛತೆ, ನೆಮ್ಮದಿ, ಮರ್ಯಾದೆಯ ಆರೈಕೆ ಸಲ್ಲಬೇಕು ಎಂಬುದು ಡಾ. ವಾರೆನ್ ಅವರ ನಿಲುವಾಗಿತ್ತು.

ತಾವು ಕಂಡದ್ದನ್ನು 1943 ಮತ್ತು 1946ರಲ್ಲಿ ಬ್ರಿಟನ್ನಿನ ಪ್ರಮುಖ ವೈದ್ಯಪತ್ರಿಕೆಗಳಲ್ಲಿ ಬರೆದರು. ವೃದ್ಧರ ಚಿಕಿತ್ಸೆ ಪ್ರತ್ಯೇಕ ವಿಭಾಗವಾಗಬೇಕು, ಅದು ಊರಾಚೆಯ ಆಶ್ರಯಾಲಯದಲ್ಲಿರದೆ ಸಾಮಾನ್ಯ ಆಸ್ಪತ್ರೆಯಲ್ಲೇ ಇರಬೇಕು, ವೈದ್ಯ ವಿದ್ಯಾರ್ಥಿಗಳಿಗೂ ದಾದಿಯರಿಗೂ ಅಲ್ಲಿಯೇ ಪಾಠವಾಗಬೇಕು ಎಂದು ವಾದಿಸಿದರು. 1947ರಲ್ಲಿ ವೃದ್ಧರ ಆರೈಕೆಗಾಗಿ ವೈದ್ಯರ ಸಂಘ ಹುಟ್ಟಿದಾಗ ಸ್ಥಾಪಕರಲ್ಲಿ ಇವರೂ ಒಬ್ಬರು. ಮರುವರ್ಷ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದ ಮೇಲೆ ಈ ವಿಭಾಗ ದೇಶದ ಆಸ್ಪತ್ರೆಗಳಲ್ಲಿ ಬೇರೂರಿತು. 1960ರಲ್ಲಿ ಸಮ್ಮೇಳನವೊಂದಕ್ಕೆ ಹೊರಟಿದ್ದಾಗ ಕಾರು ಅಪಘಾತದಲ್ಲಿ ಡಾ. ವಾರೆನ್ ತೀರಿಕೊಂಡರು. ಕೊನೆಯವರೆಗೂ ಅವರು ಕೆಲಸದಲ್ಲಿದ್ದರು.

ನಮ್ಮ ಧರ್ಮದಲ್ಲಿ ಆರು ಆಭ್ಯಂತರ ತಪಗಳ ಪೈಕಿ ವೈಯಾವೃತ್ಯವೂ ಒಂದು. ರೋಗಿಗಳಾದ, ಬಳಲಿದ ತ್ಯಾಗಿಗಳ ಸೇವೆಯನ್ನು ತಪಸ್ಸೆಂದೇ ಆಚಾರ್ಯರು ಹೇಳಿದ್ದಾರೆ. ಅದೇ ಭಾವವನ್ನು ಶ್ರಾವಕರು ಮನೆಯ ಹಿರಿಯರಿಗೂ ತೋರಬಹುದು. ಕಾಯಿಲೆಯನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸುವುದು, ವೈದ್ಯರು ಒಪ್ಪಿದರೆ ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಕೂರಿಸುವುದು, ತಮ್ಮ ಕೈಯಿಂದಲೇ ಉಣ್ಣಲು ಬಿಡುವುದು, ಬಚ್ಚಲಮನೆಗೆ ಹೋಗುವಾಗ ಹೆಗಲು ಕೊಡುವುದು. ಇದಕ್ಕೆ ಹಣ ಹೆಚ್ಚು ಬೇಡ, ಮನೆಯವರ ಸಮಯ ಬೇಕು.