ಗಾಜಿನ ಬೋಗುಣಿಯಲ್ಲಿ ಬದುಕಿದ ಹವಳ

ಹವಳ ಎಂದೊಡನೆ ನಮಗೆ ನೆನಪಾಗುವುದು ಕೆಂಪು ಮಣಿಸರ. ಆದರೆ ಮಕ್ಕಳೇ, ಹವಳವು ಕಡಲಿನ ಒಂದು ಪ್ರಾಣಿ. ಮೆತ್ತನೆಯ ದೇಹದ ಈ ಜೀವಿ ತನ್ನ ಕೆಳಗೆ ತಾನೇ ಸುಣ್ಣದ ಗಟ್ಟಿ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಇಂತಹ ಪ್ರಾಣಿಯನ್ನು ಕಡಲಿನಿಂದ ಬಹುದೂರ, ಮನೆಯೊಳಗೆ ವರ್ಷಗಟ್ಟಲೆ ಬದುಕಿಸಿದವರು ಇಂಗ್ಲೆಂಡಿನ ಅನ್ನಾ ಥಿನ್.

ಅನ್ನಾ ಹುಟ್ಟಿದ್ದು 1806ರಲ್ಲಿ. ಪತಿ ಲಂಡನ್ನಿನ ಪ್ರಸಿದ್ಧ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಅನ್ನಾ ಅವರಿಗೆ ಮೊದಲಿನಿಂದಲೂ ಕಲ್ಲುಬಂಡೆಗಳ ಬಗ್ಗೆ ಕುತೂಹಲ. 1846ರಲ್ಲಿ ಟಾರ್ಕಿ ಎಂಬ ಕಡಲತೀರದ ಊರಿಗೆ ಹೋದಾಗ ಅವರು ಜೀವಂತ ಹವಳಗಳನ್ನು ಕಂಡರು. ಬಟ್ಟಲಿನಾಕಾರದ ಪುಟ್ಟ ಹವಳಗಳು ಅವು. ಅವನ್ನು ಲಂಡನ್ನಿಗೆ ಒಯ್ಯುವ ಆಸೆಯಾಯಿತು.

ಒಯ್ಯುವುದು ಹೇಗೆ? ದಾರಿ 250 ಕಿ.ಮೀ.ಗಿಂತ ಹೆಚ್ಚು. ನೀರು ತುಳುಕಿ ಹವಳಗಳು ಒಂದಕ್ಕೊಂದು ಬಡಿದರೆ ಮೆತ್ತನೆಯ ಮೈ ಅದರ ಸುಣ್ಣದ ಅಂಚಿಗೇ ತಾಗಿ ಹರಿಯುತ್ತದೆ. ಅನ್ನಾ ಸೂಜಿದಾರ ತೆಗೆದುಕೊಂಡು ಹವಳಗಳನ್ನು ದೊಡ್ಡದೊಂದು ಸ್ಪಂಜಿಗೆ ಹೊಲಿದುಬಿಟ್ಟರು! ಪೆಟ್ಟಾದ ಮೇಲೆ ಮದ್ದು ಹುಡುಕುವುದಕ್ಕಿಂತ ಇದು ಸುಲಭವಲ್ಲವೇ?

ಹವಳಕ್ಕೆ ಗಾಯವಾದರೆ ವಾಸಿಯೇ ಆಗದು ಎಂದಲ್ಲ. ಉಳಿದ ಜೀವಂತ ಭಾಗ ಮೆಲ್ಲಗೆ ಬೆಳೆದು ಬರಿದಾದ ಸುಣ್ಣವನ್ನು ಮತ್ತೆ ಮುಚ್ಚಬಲ್ಲದು. ಅದಕ್ಕೆ ಶುದ್ಧವಾದ, ಆಮ್ಲಜನಕ ಬೆರೆತ ನೀರು ಬೇಕು. ನೀರು ಕೆಟ್ಟರೆ ಬರಿದಾದ ಜಾಗದಲ್ಲಿ ಪಾಚಿ ಹತ್ತಿ, ಹವಳ ಸೋಲುತ್ತದೆ.

ಅನ್ನಾ ಅವರಿಗೆ ಎದುರಾದ ತೊಂದರೆಯೂ ನೀರಿನದೇ. ಹವಳಗಳನ್ನು ಗಾಜಿನ ಬೋಗುಣಿಗಳಲ್ಲಿ ಇಟ್ಟು, ದಿನ ಬಿಟ್ಟು ದಿನ ನೀರು ಬದಲಿಸಬೇಕಿತ್ತು. ಅವರ ಬಳಿ ಇದ್ದ ಕಡಲನೀರು ಆರೇ ಗ್ಯಾಲನ್, ಎಂದರೆ ಸುಮಾರು 27 ಲೀಟರ್. ಲಂಡನ್ನಿನಲ್ಲಿ ಕಡಲನೀರು ಎಲ್ಲಿಂದ ಬರಬೇಕು? ಅಡಿಗೆ ಉಪ್ಪು ಕಲಸಿದ ಬಾವಿನೀರಲ್ಲಿ ಹವಳ ಬದುಕದು. ಹಾಗಾಗಿ ತೆಗೆದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು, ಮತ್ತೆ ಸುರಿದು, ಗಾಳಿ ಬೆರೆಸಲಾಯಿತು. ಪ್ರತಿ ಸಲ ಅರ್ಧ, ಮುಕ್ಕಾಲು ಗಂಟೆ! ಈ ಶ್ರಮ ಮನೆಗೆಲಸದ ಪುಟ್ಟ ಹುಡುಗಿಯದು. ಅವಳಿಗೆ ಅದು ಆಟದಂತೆಯೇ ಇತ್ತಂತೆ. ಕೈ ನೋಯಲಿಲ್ಲವೇ ಎಂದು ನನಗಂತೂ ಅನುಮಾನ. ಈಗ ಮೀನಿನ ತೊಟ್ಟಿಗಳಲ್ಲಿ ಗುಳ್ಳೆ ಬಿಡುವ ಪಂಪು ಅದೇ ಕೆಲಸ ಮಾಡುತ್ತದೆ.

1847ರ ವಸಂತದಲ್ಲಿ ಅನ್ನಾ ಇನ್ನೊಂದು ಉಪಾಯ ಮಾಡಿದರು. ಕಡಲತೀರದಿಂದ ಕಡಲಕಳೆಗಳನ್ನು ತರಿಸಿ ಹವಳಗಳ ಜೊತೆಗೆ ಇಟ್ಟರು. ಹೈಡ್ರಿಲ್ಲಾ ಗಿಡವನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟಾಗ ಗುಳ್ಳೆಗಳು ಏಳುವುದನ್ನು ನೀವು ಶಾಲೆಯಲ್ಲಿ ನೋಡಿರಬಹುದು. ಆ ಗುಳ್ಳೆಗಳಲ್ಲಿ ಆಮ್ಲಜನಕವಿರುತ್ತದೆ. ಕಡಲಕಳೆಯೂ ಬೆಳಕಿನಲ್ಲಿ ಹಾಗೆಯೇ ಆಮ್ಲಜನಕ ಬಿಡುತ್ತದೆ. ಪ್ರಾಣಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಗಿಡವೂ ಪ್ರಾಣಿಯೂ ಒಂದೇ ಪಾತ್ರೆಯಲ್ಲಿ ಪರಸ್ಪರ ನೆರವಾಗುತ್ತಾ ಹವಳಗಳು ಮೂರು ವರ್ಷಕ್ಕೂ ಮಿಕ್ಕಿ ಬಾಳಿದವು. ಇದನ್ನೇ ಯಶಸ್ವಿಯಾದ ಮೊದಲ ಕಡಲ ಅಕ್ವೇರಿಯಂ ಎಂದು ಹೇಳುತ್ತಾರೆ.

ಬೋಗುಣಿಯ ಹವಳಗಳು ಬದುಕಿದ್ದಷ್ಟೇ ಅಲ್ಲ, ಸಂಖ್ಯೆಯಲ್ಲೂ ಹೆಚ್ಚಿದವು. ಅನ್ನಾ ಅದನ್ನು ತಾಳ್ಮೆಯಿಂದ ಗಮನಿಸಿ ಗುರುತು ಹಾಕಿಕೊಂಡರು. 1859ರಲ್ಲಿ ಅವರ ಲೇಖನ, ಹೆಸರಾಂತ ಜೀವಿವಿಜ್ಞಾನಿ ಫಿಲಿಪ್ ಗಾಸ್ ಅವರ ಟಿಪ್ಪಣಿಗಳೊಂದಿಗೆ, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಏಳು ವರ್ಷಗಳ ನಂತರ, 1866ರಲ್ಲಿ, ಅನ್ನಾ ತೀರಿಕೊಂಡರು.