ಮಾಯಾಲೋಕದ ಮಿತವ್ಯಯಿ

ಭೂತ, ಪಿಶಾಚಿ, ಮಾಂತ್ರಿಕರ ಸಾಹಸಕಥೆಗಳನ್ನು ಸುಶಿಕ್ಷಿತ ಸಮಾಜ ಸಾಮಾನ್ಯವಾಗಿ ಮಕ್ಕಳ ಪಾಲಿಗೆ ಬಿಟ್ಟುಬಿಡುತ್ತದೆ. ಜಪಾನ್ ಹಾಗೆ ಮಾಡಲಿಲ್ಲ. ಶಿಗೆರು ಮಿಝುಕಿ ಎಂಬ ಚಿತ್ರಕಥೆಗಾರ ಬಾಲ್ಯದಲ್ಲಿ ಕೇಳಿದ ಭೂತಕಥೆಗಳ ಬಲದಿಂದ ‘ಗೆಗೆಗೆ ನೋ ಕಿತಾರೊ’ ಎಂಬ ಚಿತ್ರಕಥಾಮಾಲೆಯನ್ನು ರಚಿಸಿದರು. 1968ರಲ್ಲಿ ಅದು ಟಿ.ವಿ. ಸರಣಿಯಾಯಿತು, ಆಮೇಲೆ ಪ್ರತಿ ಪೀಳಿಗೆಯೂ ಅದನ್ನು ಹೊಸ ರೂಪದಲ್ಲಿ ಕಂಡಿತು. ಮಿಝುಕಿ ಬೆಳೆದ ಸಕಾಯಿಮಿನಾಟೊ ಪಟ್ಟಣದ ಬೀದಿಯೊಂದರಲ್ಲಿ ಇಂದು ನೂರೈವತ್ತಕ್ಕೂ ಹೆಚ್ಚು ಕಂಚಿನ ಭೂತಗಳು ಪ್ರವಾಸಿಗರನ್ನು ಸ್ವಾಗತಿಸುತ್ತವೆ.

ಇದೇ ಬಗೆಯ ಕಲ್ಪನೆಯನ್ನು ಬೆಳ್ಳಿತೆರೆಯಲ್ಲಿ ಒಂದು ಉದ್ಯಮವನ್ನಾಗಿ ಕಟ್ಟಿದ ಕನ್ನಡಿಗರೊಬ್ಬರಿದ್ದರು. ಅವರೇ ಬಿ. ವಿಠ್ಠಲಾಚಾರ್ಯ. ಆಂಧ್ರದ ಜನ ಅವರನ್ನು ‘ಜಾನಪದ ಬ್ರಹ್ಮ’ ಎಂದು ಕರೆದರು. ಕನ್ನಡದ ನೆನಪಿನಲ್ಲಿ ಅವರಿಗಿರುವ ಸ್ಥಾನ ಮಾತ್ರ ಬಹಳ ಚಿಕ್ಕದು.

ವಿಠ್ಠಲಾಚಾರ್ಯರು ಜನಿಸಿದ್ದು 1920ರಲ್ಲಿ, ಉಡುಪಿ ಸಮೀಪದ ಉದ್ಯಾವರದಲ್ಲಿ. ಯಕ್ಷಗಾನ, ಬಯಲಾಟಗಳ ಸೆಳೆತ ಬಾಲ್ಯದಿಂದಲೇ ಇತ್ತು. ಶಾಲೆಯ ಓದು ಮೂರನೇ ತರಗತಿಗೆ ನಿಂತಿತು. ಒಂಬತ್ತರ ವಯಸ್ಸಿನಲ್ಲಿ ಮನೆ ಬಿಟ್ಟು ಅರಸೀಕೆರೆ ಸೇರಿ, ಸಿಕ್ಕ ಕೆಲಸಗಳನ್ನೆಲ್ಲ ಮಾಡಿ, ಕೊನೆಗೆ ಅಲ್ಲಿಯೇ ಹೋಟೆಲಿನ ಒಡೆಯರಾದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡು ಹಾಸನದ ಸೆರೆಮನೆಯನ್ನೂ ಕಂಡರು. ಬಿಡುಗಡೆಯ ನಂತರ ಹೋಟೆಲನ್ನು ತಮ್ಮನಿಗೆ ವಹಿಸಿ, ಗೆಳೆಯ ಡಿ. ಶಂಕರ್ ಸಿಂಗ್ ಮೊದಲಾದವರೊಡನೆ ಟೂರಿಂಗ್ ಟಾಕೀಸು ಆರಂಭಿಸಿದರು.

ಅವರ ನಿಜವಾದ ವಿದ್ಯಾಲಯ ಆ ಡೇರೆಯೇ ಆಗಿತ್ತೆಂದು ಹೇಳಬೇಕು. ನೆಲದ ಮೇಲೆ ಕುಳಿತ ಪ್ರೇಕ್ಷಕ ಎಲ್ಲಿ ಉಸಿರು ಬಿಗಿಹಿಡಿಯುತ್ತಾನೆ, ಎಲ್ಲಿ ಬೀಡಿ ಸೇದಲು ಎದ್ದುಹೋಗುತ್ತಾನೆ ಎಂಬುದು ಡೇರೆಯ ಮಾಲೀಕನಿಗೆ ಪ್ರತಿ ರಾತ್ರಿಯೂ ತಿಳಿಯುತ್ತದೆ. ಬೇಡಿಕೆಯನ್ನು ಅರಿಯಲು ಇದಕ್ಕಿಂತ ನೇರವಾದ ಮಾರ್ಗವನ್ನು ಅರ್ಥಶಾಸ್ತ್ರವೂ ತೋರಿಸಲಾರದು.

ಮುಂದೆ ಸಿಂಗ್ ಹಾಗೂ ಆಚಾರ್ಯರು ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಸ್ಥಾಪಿಸಿದರು. 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’ ತೆರೆಕಂಡವು. ಕನ್ನಡ ಚಿತ್ರಗಳಿಗೆ ಮಾರುಕಟ್ಟೆಯೇ ಇಲ್ಲವೆಂಬ ಕಾಲದಲ್ಲಿ ‘ಜಗನ್ಮೋಹಿನಿ’ ಜನರನ್ನು ಮರಳಿ ಮರಳಿ ಚಿತ್ರಮಂದಿರಕ್ಕೆ ಎಳೆತಂದಿತು. ಪಾಲುದಾರಿಕೆ ಮುರಿದ ಬಳಿಕ ಆಚಾರ್ಯರು ವಿಠಲ್ ಪ್ರೊಡಕ್ಷನ್ಸ್ ಕಟ್ಟಿ, ಮದರಾಸಿಗೆ ತೆರಳಿ ತೆಲುಗಿನಲ್ಲಿ ನೆಲೆಯೂರಿದರು. 1963ರಲ್ಲಿ ಎನ್.ಟಿ. ರಾಮರಾವ್ ಅವರ ‘ಬಂದಿಪೋಟು’ ಹಾಗೂ ರಾಜಕುಮಾರ್ ಅವರ ‘ವೀರಕೇಸರಿ’ ಎರಡನ್ನೂ ನಿರ್ದೇಶಿಸಿದವರು ಅವರೇ. 1978ರಲ್ಲಿ ‘ಜಗನ್ಮೋಹಿನಿ’ಯನ್ನು ತೆಲುಗಿನಲ್ಲಿ ಮತ್ತೆ ತೆರೆಗೆ ತಂದು ಭಾರೀ ಯಶಸ್ಸು ಗಳಿಸಿದರು. 2009ರಲ್ಲಿ ಆ ಮೋಹಿನಿ ತಮಿಳಿನಲ್ಲೂ ಮರುಹುಟ್ಟು ಪಡೆದಳು.

ಕಂಪ್ಯೂಟರ್ ಇಲ್ಲದ ದಿನಗಳವು. ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಮತ್ತೆ ಚಾಲೂ ಮಾಡಿದರೆ ಮನುಷ್ಯ ಮಾಯ. ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರಿಸಿದರೆ ಪ್ರೇತ ಪ್ರತ್ಯಕ್ಷ. ಇಷ್ಟೇ ಬಂಡವಾಳದಿಂದ ಅವರು ಅದ್ಭುತವನ್ನು ಸೃಷ್ಟಿಸಿದರು. ಅವರ ಮಿತವ್ಯಯ, ಶಿಸ್ತುಗಳು ಚಿತ್ರರಂಗದಲ್ಲಿ ದಂತಕಥೆಯಾದವು. ನಟರು ಸಂಭಾವನೆಗೋ ದಿನಾಂಕಕ್ಕೋ ತಕರಾರು ತೆಗೆದರೆ ಆ ಪಾತ್ರವನ್ನು ಶಾಪದ ನೆಪದಲ್ಲಿ ಗಿಳಿಯಾಗಿಯೋ ಮೇಕೆಯಾಗಿಯೋ ಮಾರ್ಪಡಿಸಿ ಚಿತ್ರೀಕರಣ ಮುಂದುವರಿಸುತ್ತಿದ್ದರೆಂಬ ಕಥೆ ಇಂದಿಗೂ ಪ್ರಚಲಿತ. ಅದು ಅಕ್ಷರಶಃ ನಿಜವೋ ಅಲ್ಲವೋ, ನಿರ್ಮಾಪಕನ ಸ್ವಭಾವವನ್ನಂತೂ ಸರಿಯಾಗಿ ಹಿಡಿದಿದೆ. 1999ರ ಮೇ ತಿಂಗಳಲ್ಲಿ ಅವರು ನಿಧನರಾದರು.

ಅವರು ಕನ್ನಡ ಬಿಟ್ಟು ಹೋದರೆಂದು ಆಕ್ಷೇಪಿಸುವವರಿದ್ದಾರೆ. 1956ರವರೆಗೆ ಹೈದರಾಬಾದ್ ಸಂಸ್ಥಾನದ ಆಡಳಿತ ಪರಂಪರೆಯಲ್ಲೇ ಇದ್ದ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮಗೆ ಈ ಆಕ್ಷೇಪ ಅಷ್ಟಾಗಿ ಒಪ್ಪಿಗೆಯಾಗದು. ಕನ್ನಡ, ಮರಾಠಿ, ತೆಲುಗು, ಉರ್ದುಗಳ ನಡುವೆ ಕಥೆಗಳು ಪರವಾನಗಿ ಪಡೆದು ಓಡಾಡುವುದಿಲ್ಲ. ಆಕ್ಷೇಪಿಸಬೇಕಾದುದು ನಮ್ಮ ಅಸಡ್ಡೆಯನ್ನು. 1970ರ ‘ಸಂಸ್ಕಾರ’ದ ನಂತರ ಹೊಸ ಅಲೆಯ ಚಿತ್ರಗಳಿಗೆ ದೊರೆತ ಗೌರವ ನ್ಯಾಯವಾದದ್ದೇ. ಆದರೆ ಆ ಭರದಲ್ಲಿ, ಬಡ ಪ್ರೇಕ್ಷಕನ ಎರಡಾಣೆ, ನಾಲ್ಕಾಣೆಗಳಿಂದ ಉದ್ಯಮಕ್ಕೆ ಅಡಿಪಾಯ ಹಾಕಿದ ಮಂತ್ರತಂತ್ರದ ಚಿತ್ರಗಳನ್ನು ನಾವು ಕೀಳೆಂದು ಬದಿಗಿಟ್ಟೆವು.

ಇದು ಅಭಿರುಚಿಯ ಪ್ರಶ್ನೆ ಮಾತ್ರವಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರತಿಯೇ ಇಂದು ಉಳಿದಿಲ್ಲ. ಫಿಲ್ಮು ಕಾಯುವುದಿಲ್ಲ; ಗೌರವ ಸಿಗದ ಚಿತ್ರ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. ಮಹಾತ್ಮ ಪಿಕ್ಚರ್ಸ್ ಹಾಗೂ ವಿಠ್ಠಲಾಚಾರ್ಯರ ಕನ್ನಡ ಚಿತ್ರಗಳಲ್ಲಿ ಉಳಿದವೆಷ್ಟು ಎಂಬ ಲೆಕ್ಕವನ್ನು ಚಲನಚಿತ್ರ ಅಕಾಡೆಮಿ ಸಾರ್ವಜನಿಕರ ಮುಂದಿಡಬೇಕು. ಸಿಕ್ಕವನ್ನು ಡಿಜಿಟಲ್ ರೂಪಕ್ಕೆ ತಂದು ಪ್ರದರ್ಶಿಸಬೇಕು. ಕಂಚಿನ ಭೂತಗಳನ್ನು ನಿಲ್ಲಿಸುವುದು ಆಮೇಲಿನ ಮಾತು. ತೆರೆಯ ಮೇಲಿನ ಭೂತಗಳನ್ನು ಮೊದಲು ಉಳಿಸಿಕೊಳ್ಳೋಣ.