ಕಾರ್ಲ್ ಎಲ್ಸೆನರ್

ಕಾರ್ಲ್ ಎಲ್ಸೆನರ್ (9 ಅಕ್ಟೋಬರ್ 1860 – 26 ಡಿಸೆಂಬರ್ 1918) ಸ್ವಿಟ್ಜರ್ಲೆಂಡಿನ ಚಾಕು ತಯಾರಕರು. ಮುಂದೆ ವಿಕ್ಟೋರಿನಾಕ್ಸ್ ಎಂದು ಹೆಸರಾದ ಸಂಸ್ಥೆಯ ಸ್ಥಾಪಕರು. 1884ರಲ್ಲಿ ಶ್ವೀಟ್ಸ್ ಪ್ರಾಂತ್ಯದ ಇಬಾಖ್‌ನಲ್ಲಿ ಕಾರ್ಯಾಗಾರವನ್ನು ಆರಂಭಿಸಿದರು.

ಸ್ವಿಸ್ ಸೈನಿಕರ ಮಡಚುವ ಚಾಕುಗಳು ಮೊದಲು ಜರ್ಮನಿಯ ಜೋಲಿಂಗನ್‌ನಿಂದ ಬಂದವು. ಅವು ಸ್ವದೇಶದಲ್ಲಿಯೇ ತಯಾರಾಗಬೇಕೆಂದು ಎಲ್ಸೆನರ್ ಚಾಕು ತಯಾರಕರ ಸಂಘವನ್ನು ಕಟ್ಟಿ, 1891ರಲ್ಲಿ ಸೇನೆಗೆ ಪೂರೈಕೆ ಆರಂಭಿಸಿದರು. ಮರದ ಹಿಡಿಯ ಆ ಚಾಕುವಿನಲ್ಲಿ ಅಲಗು, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಸಾಧನ ಹಾಗೂ ರಂಧ್ರ ಕೊರೆಯುವ ಮೊನೆ ಇದ್ದವು. ಜರ್ಮನಿಯ ಅಗ್ಗದ ಪೈಪೋಟಿಗೆ ಮಣಿದು ಉಳಿದ ತಯಾರಕರು ಹಿಂದೆ ಸರಿದರು. ಎಲ್ಸೆನರ್ ತಮ್ಮ ಆಸ್ತಿಯನ್ನು ಕಳೆದುಕೊಂಡರೂ ಬಂಧುಗಳ ನೆರವಿನಿಂದ ಮುಂದುವರಿದರು.

ಎರಡನೆಯ ಅಲಗು ಮತ್ತು ಬಿರಡೆ ತೆಗೆಯುವ ಸುರುಳಿಯುಳ್ಳ ಹಗುರವಾದ 'ಅಧಿಕಾರಿಗಳ ಚಾಕು' 1897ರ ಜೂನ್ 12ರಂದು ಕಾನೂನಿನ ರಕ್ಷಣೆ ಪಡೆಯಿತು. ಸೇನೆ ಅದನ್ನು ಅಧಿಕೃತವಾಗಿ ವಿತರಿಸದಿದ್ದರೂ ಅಧಿಕಾರಿಗಳು ಸ್ವಂತ ಹಣದಿಂದ ಕೊಂಡರು. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾರ ಹೆಸರನ್ನು ಎಲ್ಸೆನರ್ ತಮ್ಮ ಉತ್ಪನ್ನಗಳಿಗೆ ಇಟ್ಟರು. ಅವರ ಮರಣಾನಂತರ, 1921ರಲ್ಲಿ, ತುಕ್ಕುರಹಿತ ಉಕ್ಕನ್ನು ಸೂಚಿಸುವ 'ಇನಾಕ್ಸ್' ಸೇರಿ ಅದು 'ವಿಕ್ಟೋರಿನಾಕ್ಸ್' ಆಯಿತು.